ಅಜ್ಜಿ ಮನೆಯ ಒಗೆಯುವ ಕಲ್ಲಿನ ಅಡಿಯಲ್ಲಿ ಅಕ್ಷರ ಸಿಕ್ಕಿದೆ, ಬಾರ್ಕೂರಿನವರು ಯಾರಾದರೂ ಇದ್ದೀರಾ?

ಸುರತ್ಕಲ್ ಸೊಸೆ:

ನಮಸ್ಕಾರ. ನಾನಿರುವುದು ಸುರತ್ಕಲ್‌ನಲ್ಲಿ, ಅಮ್ಮನ ತವರು ಉಡುಪಿ ಜಿಲ್ಲೆಯ ಬಾರ್ಕೂರು. ಹೋದ ತಿಂಗಳು ಅಜ್ಜಿ ಮನೆಯಲ್ಲಿ ಪೈಪ್ ಹಾಕಿಸುವಾಗ ಬಾವಿಕಟ್ಟೆ ಪಕ್ಕದ ಬಟ್ಟೆ ಒಗೆಯುವ ಕಲ್ಲನ್ನು ಎಬ್ಬಿಸಬೇಕಾಯಿತು. ಅಮ್ಮ ಹುಟ್ಟುವ ಮೊದಲಿನಿಂದಲೂ ಅಲ್ಲೇ ಬಿದ್ದಿದ್ದ ಕಲ್ಲು. ಚಿಕ್ಕವಳಿದ್ದಾಗ ಅದರ ಮೇಲೆ ಕೂತು ಕಾಟು ಮಾವಿನಹಣ್ಣು ಚೀಪಿದ್ದೇನೆ. ನಾಲ್ಕು ಜನ ಸೇರಿ ಮಗುಚಿದರೆ ಅಡಿಯಲ್ಲಿ ಸಾಲು ಸಾಲು ಅಕ್ಷರ! ಒಂದು ತುದಿಯಲ್ಲಿ ಅರ್ಧ ಚಂದ್ರ, ಪಕ್ಕದಲ್ಲಿ ಒಂದು ಉರುಟು.

ಈಗ ಮನೆಯಲ್ಲಿ ಮೂರು ಪಕ್ಷ. ಮಾವನಿಗೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ತುಳಸಿಕಟ್ಟೆ ಹತ್ತಿರ ನಿಲ್ಲಿಸಬೇಕು. ಅತ್ತೆಗೆ ಸರ್ಕಾರದವರು ಬಂದು ಜಾಗವನ್ನೇ ಹಿಡಿದುಕೊಂಡರೆ ಅಂತ ಹೆದರಿಕೆ. ನನ್ನ ಮಗಳು ಸೀಮೆಸುಣ್ಣ ಹಿಡಿದು ತಯಾರಾಗಿದ್ದಾಳೆ. ಇದರ ಮಧ್ಯೆ ಹಳೆ ಸಾಮಾನು ಕೊಳ್ಳುವ ಒಬ್ಬರು ಎರಡು ಸಲ ಗೇಟಿನ ತನಕ ಬಂದು ವಿಚಾರಿಸಿ ಹೋದರು. ಅವರಿಗೆ ಯಾರು ಹೇಳಿದರೋ!

ಎಂತ ಮಾಡಬೇಕು? ಇನ್ನೊಂದು ಪ್ರಶ್ನೆ. ಬಾರ್ಕೂರು ತುಳುನಾಡಿನ ರಾಜಧಾನಿ ಆಗಿತ್ತು ಅಂದರೆ ಆಫೀಸಿನಲ್ಲಿ ನಗುತ್ತಾರೆ. "ರಾಜಧಾನಿ ಅಂದರೆ ಹಂಪಿ ಮಾರಾಯ್ರೆ, ನಿಮ್ಮಲ್ಲಿ ಏನುಂಟು, ಗದ್ದೆ, ತೋಟ" ಅಂತ. ನನಗೂ ಉತ್ತರ ಹೊಳೆಯಲಿಲ್ಲ.

ಹಂಪನಕಟ್ಟೆ ಹೈದ:

ಆಫೀಸಿನವರು ಮಂಗಳೂರಿನವರಾದರೆ ಹೇಳಿ, ಬಾರ್ಕೂರಿನಿಂದ ತುಳುನಾಡು ಆಳಿದ ಆಳುಪ ರಾಜರಿಗೆ ನಿಮ್ಮ ಮಂಗಳೂರೂ ರಾಜಧಾನಿಯೇ ಆಗಿತ್ತು ಅಂತ. ಕದ್ರಿಯ ಲೋಕೇಶ್ವರನ ಕಂಚಿನ ಮೂರ್ತಿ ನೋಡಿದ್ದಾರಾ ಕೇಳಿ. ಆಳುಪ ರಾಜ ಕುಂದವರ್ಮ 968ರಲ್ಲಿ ಮಾಡಿಸಿದ್ದು, ಪೀಠದ ಮೇಲೆಯೇ ಬರೆದಿದೆ. ವರ್ಷಕ್ಕೊಮ್ಮೆ ಕದ್ರಿ ಜಾತ್ರೆಗೆ ಹೋಗಿ ಚರುಮುರಿ ತಿಂದು ಬರುವವರಿಗೆ ಇದೆಲ್ಲ ಎಲ್ಲಿ ಕಾಣುತ್ತದೆ! (ನಾನೂ ಮೊನ್ನೆ ಮೊನ್ನೆವರೆಗೆ ಆ ಪೈಕಿಯೇ.)

ಪೆನ್ಶನ್ ಪೈ:

ತಂಗೀ, ಮೊದಲು ಮಗಳ ಕೈಯಿಂದ ಸೀಮೆಸುಣ್ಣ ತೆಗೆದಿಡಿ. ಅರಿಶಿನ, ಎಣ್ಣೆ, ಪೈಂಟ್ ಯಾವುದೂ ಬೇಡ. ಬ್ರಶ್ ಹಾಕಿ ತಿಕ್ಕುವುದೂ ಬೇಡ. ಒಂದು ದೇವಸ್ಥಾನದ ಜೀರ್ಣೋದ್ಧಾರದಲ್ಲಿ ಶಾಸನದ ಕಲ್ಲಿಗೆ ಬೆಳ್ಳಿ ಬಣ್ಣದ ಎನಾಮೆಲ್ ಪೈಂಟ್ ಬಳಿದದ್ದನ್ನು ಕಣ್ಣಾರೆ ನೋಡಿದ್ದೇನೆ. ಚೆಂದ ಕಾಣಲಿ ಅಂತ ಮಾಡಿದ್ದೇ. ಅಕ್ಷರದ ಗುಂಡಿಯೆಲ್ಲ ತುಂಬಿ ಈಗ ಅದು ಬರೀ ಹೊಳೆಯುವ ಕಲ್ಲು.

ನಾನು ಬ್ಯಾಂಕಿನಿಂದ ನಿವೃತ್ತ. ಸುಮಾರು ಹನ್ನೊಂದು ವರ್ಷದಿಂದ ಭಾನುವಾರ ಬೆಳಿಗ್ಗೆ ಬಾರ್ಕೂರಿನ ಕೇರಿ ಸುತ್ತುವುದೇ ಕೆಲಸ. ಹೆಂಡತಿ ಇದಕ್ಕೆ ಬೇರೆ ಹೆಸರು ಇಟ್ಟಿದ್ದಾಳೆ, ಇಲ್ಲಿ ಬೇಡ.

ಓದುವ ಉಪಾಯ ಸುಲಭ. ರಾತ್ರಿ ಊಟ ಆದ ಮೇಲೆ ಅಂಗಳದ ಲೈಟ್ ಆರಿಸಿ. ಟಾರ್ಚನ್ನು ಕಲ್ಲಿಗೆ ನೇರ ಹಿಡಿಯಬೇಡಿ, ಬದಿಯಲ್ಲಿ ಕಲ್ಲಿನ ಮಟ್ಟಕ್ಕೇ ಇಟ್ಟು ಅಡ್ಡ ಬೆಳಕು ಬಿಡಿ. ಹಗಲು ಕಾಣದ ಗೆರೆಯೂ ನೆರಳು ಕಟ್ಟಿ ಎದ್ದು ಬರುತ್ತದೆ. ನಾಲ್ಕೂ ಬದಿಯಿಂದ ಹೀಗೆ ಮಾಡಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಅಳತೆಗೆ ಒಂದು ಸ್ಕೇಲ್ ಪಕ್ಕದಲ್ಲಿರಲಿ. ನೀವು ಹೇಳಿದ ಚಂದ್ರ ಮತ್ತು ಉರುಟು ಅಂದರೆ ಚಂದ್ರ ಸೂರ್ಯ. ಅವು ಇರುವವರೆಗೆ ಈ ದಾನ ನಡೆಯಲಿ ಅಂತ ಅರ್ಥ. ದಾನಶಾಸನವಾದರೆ ಕೊನೆಗೆ ಶಾಪವೂ ಇರುತ್ತದೆ. ದಾನ ಕೊಟ್ಟ ಭೂಮಿ ಕಿತ್ತುಕೊಂಡವನು 60 ಸಾವಿರ ವರ್ಷ ಹೊಲಸಿನಲ್ಲಿ ಹುಳವಾಗಿ ಹುಟ್ಟುತ್ತಾನಂತೆ. ಒಗೆದವರಿಗೆ ಏನೂ ಹೇಳಿಲ್ಲ, ಅತ್ತೆಯವರಿಗೆ ಧೈರ್ಯ ಹೇಳಿ.

ಜಾಗದ ಹೆದರಿಕೆಯೂ ಬೇಡ. ಒಂದು ಜಾಗವನ್ನು ಸಂರಕ್ಷಿತ ಸ್ಮಾರಕ ಮಾಡುವುದಕ್ಕೆ ಬೇರೆಯೇ ದಾರಿ ಇದೆ, ಮೊದಲು ನೋಟಿಸ್ ಕೊಡಬೇಕು, ಆಕ್ಷೇಪ ಕೇಳಬೇಕು. ಕಲ್ಲು ಸಿಕ್ಕಿತು ಅಂತ ತಿಳಿಸಿದ ಮಾತ್ರಕ್ಕೆ ಯಾರೂ ಬೇಲಿ ಹಾಕುವುದಿಲ್ಲ. ರಾಜ್ಯದ ಪುರಾತತ್ವ ಇಲಾಖೆಗೆ ಒಂದು ಪತ್ರ ಹಾಕಿ, ಮೈಸೂರಿನಲ್ಲಿರುವ ಕೇಂದ್ರದ ಶಾಸನ ವಿಭಾಗಕ್ಕೆ ಫೋಟೋ ಕಳಿಸಿ. ಅವರು ಬಂದರೆ ಒದ್ದೆ ಕಾಗದ ಹಾಸಿ, ಬ್ರಶ್‌ನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಕಲ್ಲಿಗೆ ಏನೂ ಆಗುವುದಿಲ್ಲ. ಗೇಟಿಗೆ ಬಂದವರಿಗೆ ಮಾತ್ರ 1972ರ ಪ್ರಾಚ್ಯವಸ್ತು ಕಾಯ್ದೆ ಅಂತ ಒಂದು ಮಾತು ಹೇಳಿ ನೋಡಿ. ಲೈಸೆನ್ಸ್ ಇಲ್ಲದೆ ಇಂಥ ವ್ಯಾಪಾರ ಮಾಡುವಂತಿಲ್ಲ. ಮೂರನೇ ಸಲ ಬರಲಿಕ್ಕಿಲ್ಲ.

ಇನ್ನು ಹಂಪಿಯ ಮಾತು. ಹಂಪಿಯಲ್ಲಿ ಬಂಡೆ ಇತ್ತು, ಮಳೆ ಕಡಿಮೆ, ಊರೂ ಖಾಲಿಯಾಯಿತು. ಹಾಗಾಗಿ ಇದ್ದದ್ದು ಇದ್ದಲ್ಲೇ ನಿಂತಿತು. ನಮ್ಮಲ್ಲಿ ಮುರಕಲ್ಲು (ಜಂಬಿಟ್ಟಿಗೆ), ಮರ, ಅದರ ಮೇಲೆ ನಾಲ್ಕು ತಿಂಗಳ ಮಳೆ. ದೇವಸ್ಥಾನಕ್ಕೂ ಮನೆಯ ಹಾಗೆ ಇಳಿಜಾರು ಮಾಡು. ಜನ ಬಿಟ್ಟೂ ಹೋಗಲಿಲ್ಲ. ಅರಮನೆಯ ಕಲ್ಲು ತೋಟದ ಕಟ್ಟೆಗೆ, ತೋಟದ ಕಟ್ಟೆಯದ್ದು ಕೊಟ್ಟಿಗೆಗೆ. ಎತ್ತರದ ಗೋಪುರ ಹುಡುಕಿಕೊಂಡು ಬಂದವರಿಗೆ ಬಾರ್ಕೂರು ಸಿಗುವುದಿಲ್ಲ.

ಹೆಸರು ಕೇಳಿದರೇ ಸಾಕು, ರಾಜಧಾನಿ ಅಲ್ಲೇ ಇದೆ. ಮೂಡುಕೇರಿ, ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ. ಹಳ್ಳಿಗೆ ಇಷ್ಟು ಕೇರಿ ಯಾಕೆ ಬೇಕು? ಶಾಸನಗಳಲ್ಲಿ ಬಾರಕನ್ಯಾಪುರ ಅಂತಲೂ ಇದೆ. ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನ ಅನ್ನುವುದು ಊರಿನ ಮಾತು, ನಾನು ಎಣಿಸಲು ಹೋಗಿ ಬಿಟ್ಟೆ. ಮುಖ್ಯ ವಿಷಯ ಹೊಳೆ. ಸೀತಾನದಿ ಹಂಗಾರಕಟ್ಟೆ ಹತ್ತಿರ ಸಮುದ್ರ ಸೇರುತ್ತದೆ, ದೋಣಿ ಒಳನಾಡಿನ ತನಕ ಬರುತ್ತಿತ್ತು. 14ನೇ ಶತಮಾನದಲ್ಲಿ ಇಬ್ನ್ ಬತೂತ ಇಲ್ಲಿಗೆ ಬಂದವ ಊರನ್ನು ಫಾಕನೂರ್ ಎಂದು ಕರೆದ. ಇಲ್ಲಿನ ರಾಜನಿಗೆ ಸುಮಾರು 30 ಯುದ್ಧದ ಹಡಗು ಇತ್ತು, ಕಬ್ಬು ಬಹಳ ಚೆನ್ನಾಗಿ ಬೆಳೆಯುತ್ತಿತ್ತು ಅಂತ ಬರೆದಿಟ್ಟಿದ್ದಾನೆ. ಗದ್ದೆ, ತೋಟ ಅಂತ ನಗುವವರಿಗೆ ಇದನ್ನು ಹೇಳಿ, ಆ ಗದ್ದೆಯೇ ಅವನ ಕಣ್ಣಿಗೆ ಬಿದ್ದದ್ದು.

ದುಡ್ಡಿನ ವಿಷಯ ಬ್ಯಾಂಕಿನವ ಹೇಳದೆ ಇದ್ದರೆ ಹೇಗೆ? ಆಳುಪರ ಚಿನ್ನದ ನಾಣ್ಯದ ಮೇಲೆ ಜೋಡಿ ಮೀನು. ಗದ್ಯಾಣ ಅಂದರೆ ಆಗಿನ ಚಿನ್ನದ ನಾಣ್ಯ. ಶಾಸನಗಳಲ್ಲಿ ಬಾರಕೂರು ಗದ್ಯಾಣ, ಮಂಗಳೂರು ಗದ್ಯಾಣ ಅಂತ ಬೇರೆ ಬೇರೆಯಾಗಿ ಲೆಕ್ಕ ಬರೆದಿದ್ದಾರೆ. ಊರಿನ ಹೆಸರಲ್ಲಿ ಹಣ ಓಡಾಡಿತ್ತು ಅಂದ ಮೇಲೆ ಇನ್ನೇನು ಸಾಕ್ಷಿ ಬೇಕು? ಹೊಯ್ಸಳ ಮೂರನೇ ಬಲ್ಲಾಳನ ರಾಣಿ ಚಿಕ್ಕಾಯಿತಾಯಿ ಆಳಿದ್ದೂ ಇಲ್ಲಿಂದಲೇ. ಮುಂದೆ ವಿಜಯನಗರದವರು ಕರಾವಳಿಯನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಅಂತ ಎರಡು ಮಾಡಿ ಅಧಿಕಾರಿಗಳನ್ನು ಇಟ್ಟರು. ಆಮೇಲೆ ಕೆಳದಿಯವರ ಕಾಲ, ಅಷ್ಟು ಹೊತ್ತಿಗೆ ಊರು ಇಳಿದಿತ್ತು.

ಬಂದಾಗ ಮಗಳನ್ನು ಕತ್ತಲೆ ಬಸದಿಗೆ, ಕೋಟೆಕೇರಿಯ ಪಂಚಲಿಂಗೇಶ್ವರಕ್ಕೆ ಕರೆದುಕೊಂಡು ಹೋಗಿ. ಬಟ್ಟೆ ವಿನಾಯಕನನ್ನೂ ನೋಡಿ. ಒಗೆಯುವ ಬಟ್ಟೆ ಅಲ್ಲ, ಹಳಗನ್ನಡದಲ್ಲಿ ಬಟ್ಟೆ ಅಂದರೆ ದಾರಿ.

ಸುರತ್ಕಲ್ ಸೊಸೆ:

ಅಣ್ಣಾ, ನಿನ್ನೆ ರಾತ್ರಿ ಟಾರ್ಚ್ ಇಟ್ಟು ನೋಡಿದೆವು! ಮಾವ ಟಾರ್ಚ್ ಹಿಡಿದದ್ದು, ಮಗಳು ಫೋಟೋ, ನಾನು ಸೊಳ್ಳೆ ಓಡಿಸುವುದು. ಹೆಚ್ಚಿನ ಅಕ್ಷರ ಅರ್ಥವಾಗಲಿಲ್ಲ. ಏಳನೇ ಸಾಲಿನಲ್ಲಿ ಮಗಳು ಬೆರಳು ಇಟ್ಟು, "ಅಮ್ಮ, ಇದು ಗ ಅಲ್ವಾ, ಇದು ದ್ಯಾ" ಅಂದಳು. ಮುಂದಿನ ಅಕ್ಷರದ ಮೇಲೆ ಕಲ್ಲು ಚಕ್ಕೆ ಎದ್ದಿದೆ. ಗದ್ಯಾಣವೇ ಇರಬಹುದಾ? ಮಾವ ಆಮೇಲೆ ಬಹಳ ಹೊತ್ತು ಮಾತೇ ಆಡಲಿಲ್ಲ.

ಪತ್ರ ಬೆಳಿಗ್ಗೆಯೇ ಬರೆದಾಯಿತು. ಕಲ್ಲನ್ನು ಚಾವಡಿಯ ಒಳಗೆ, ಮಳೆ ಎರಚದ ಕಡೆ ಗೋಣಿ ಹಾಸಿ ಇಟ್ಟಿದ್ದೇವೆ. ಅತ್ತೆಯದ್ದು ಈಗ ಒಂದೇ ದೂರು. ಹೊಸ ಸಿಮೆಂಟ್ ಕಲ್ಲಿನಲ್ಲಿ ಬೆಡ್‌ಶೀಟ್ ಜಾರುತ್ತದಂತೆ.