ಹೊಸಬರಿಗೆ ಲೆಟರ್‌ಬಾಕ್ಸಿಂಗ್: 24 ಜನ, 10 ಡಬ್ಬಿ, ಅರ್ಧ ದಿನದಲ್ಲಿ ಮುಗಿಯುತ್ತಾ?

ಹಾರಂಗಿ_ಹಕ್ಕಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನ ಒಂದು ಭಾನುವಾರ ಹೊಸಬರಿಗಾಗಿ ಲೆಟರ್‌ಬಾಕ್ಸಿಂಗ್ ಇಟ್ಟುಕೊಳ್ಳೋಣ ಅಂತಿದೀವಿ. ಸುಳಿವು ಹಿಡಿದು ಬಚ್ಚಿಟ್ಟ ಡಬ್ಬಿ ಹುಡುಕಿ, ಅದರೊಳಗಿನ ಸ್ಟ್ಯಾಂಪಿನ ಅಚ್ಚು ಒತ್ತಿಕೊಂಡು ಬರೋ ಆಟ ಇದು. ಜಾಗ ಮಡಿಕೇರಿಯಿಂದ ಸಿದ್ದಾಪುರ ರಸ್ತೆ ಕಡೆಗಿರೋ ಒಂದು ರೊಬಸ್ಟಾ ಕಾಫಿ ತೋಟ, ಮಾಲೀಕರು ಒಪ್ಪಿದ್ದಾರೆ. ಬರೋರು 24 ಜನ, ಅದರಲ್ಲಿ 7 ಮಕ್ಕಳು (8ರಿಂದ 13 ವರ್ಷ). ಯಾರ ಹತ್ರಾನೂ ಸ್ವಂತ ರಬ್ಬರ್ ಸ್ಟ್ಯಾಂಪ್ ಇಲ್ಲ. ಬೆಳಿಗ್ಗೆ ಸ್ಟ್ಯಾಂಪ್ ಕೆತ್ತಿಸಿ, ಆಮೇಲೆ ಹುಡುಕೋಕೆ ಬಿಡೋದು ನಮ್ಮ ಯೋಚನೆ.

ಸದ್ಯದ ಪ್ಲಾನ್: 10 ಡಬ್ಬಿ. ಒಂದನೇ ಡಬ್ಬಿಯೊಳಗೆ ಎರಡನೇದರ ಸುಳಿವು, ಎರಡರೊಳಗೆ ಮೂರರದ್ದು, ಹೀಗೆ ಸರಪಳಿ. ಮೊದಲನೇ ಡಬ್ಬಿ ರಾಜಾಸೀಟ್‌ನಲ್ಲಿ ಇಟ್ರೆ ಎಲ್ಲರೂ ಅಲ್ಲಿ ಸೇರಿ ಹೊರಡಬಹುದು ಅಂತ. ಒಂದು ಸುಳಿವು ಹೀಗೆ ಬರೆದಿದೀವಿ (ಡಿಗ್ರಿ ಅಂದ್ರೆ ದಿಕ್ಸೂಚಿಯಲ್ಲಿ ಉತ್ತರದಿಂದ ಬಲಕ್ಕೆ ತಿರುಗೋ ಲೆಕ್ಕ):

«ತೋಟದ ದೊಡ್ಡ ಗೇಟಿಗೆ ಬೆನ್ನು ಕೊಟ್ಟು 110 ಡಿಗ್ರಿಗೆ 40 ಹೆಜ್ಜೆ ಹೋಗಿ. 7ನೇ ಸಿಲ್ವರ್ ಓಕ್ ಮರದ ಪೊಟರೆಯಲ್ಲಿ ಕೈ ಹಾಕಿ ನೋಡಿ.»

ಇದು ಸರಿ ಇದೆಯಾ? ಮುಗಿದ ಮೇಲೆ ಡಬ್ಬಿಗಳನ್ನ ಅಲ್ಲೇ ಬಿಡಬಹುದಾ? ಕೆತ್ತೋಕೆ ಏನೇನು ತರಿಸಬೇಕು ಅನ್ನೋದನ್ನೂ ಹೇಳಿ.

ಮೋರಿಕಲ್ಲು

ಮೊದಲು ಸರಪಳಿ ಬಿಟ್ಟುಬಿಡಿ. ಹೊಸಬರ ಕಾರ್ಯಕ್ರಮ ಕೆಡೋದು ಅಲ್ಲೇ. ಒಂದು ಡಬ್ಬಿಯಲ್ಲಿ ಇರೋದು ಒಂದೇ ಸ್ಟ್ಯಾಂಪ್, ಒಂದೇ ಪುಸ್ತಕ. ಒಬ್ಬೊಬ್ಬರೂ ಎರಡು ಸಲ ಒತ್ತಬೇಕು: ಡಬ್ಬಿಯ ಸ್ಟ್ಯಾಂಪ್ ತಮ್ಮ ಪುಸ್ತಕಕ್ಕೆ, ತಮ್ಮ ಸ್ಟ್ಯಾಂಪ್ ಡಬ್ಬಿಯ ಪುಸ್ತಕಕ್ಕೆ. ಜೊತೆಗೆ ಆಟಕ್ಕೆ ಇಟ್ಟುಕೊಂಡ ಅಡ್ಡಹೆಸರು, ತಾರೀಕು. ಹೊಸಬರಿಗೆ ತಲಾ 2 ನಿಮಿಷ ಬೇಕೇ ಬೇಕು. ಸರಪಳಿ ಮಾಡಿದ್ರೆ 24 ಜನಾನೂ ಒಂದನೇ ಡಬ್ಬಿ ಮುಂದೆ ನಿಲ್ತಾರೆ, 48 ನಿಮಿಷ ಅಲ್ಲೇ ಹೋಯ್ತು. ಅದೂ ಅಲ್ದೆ ಮೂರನೇ ಡಬ್ಬಿ ಸಿಗದಿದ್ರೆ ಮುಂದಿನ ಏಳೂ ಸಿಗಲ್ಲ.

6 ಡಬ್ಬಿ ಸಾಕು. 4 ಜನರ 6 ಗುಂಪು ಮಾಡಿ, ಪ್ರತಿ ಗುಂಪು ಬೇರೆ ಬೇರೆ ಡಬ್ಬಿಯಿಂದ ಶುರು ಮಾಡಲಿ. ಹುಡುಕೋಕೆ 10 ನಿಮಿಷ, ಒತ್ತೋಕೆ 8, ಮುಂದಿನದಕ್ಕೆ ನಡೆಯೋಕೆ 5, ಹೆಚ್ಚುಕಮ್ಮಿಗೆ 2. ಒಟ್ಟು 25 ನಿಮಿಷಕ್ಕೊಂದು ವಿಸಿಲ್, ಆರು ಸುತ್ತಿಗೆ ಎರಡೂವರೆ ಗಂಟೆ. ಡಬ್ಬಿಯಿಂದ ಡಬ್ಬಿಗೆ 150–200 ಮೀಟರ್ ಇರಲಿ. ಅದಕ್ಕಿಂತ ಹತ್ತಿರ ಇದ್ರೆ ಒಂದು ಗುಂಪು ಮಾತಾಡೋದು ಇನ್ನೊಂದಕ್ಕೆ ಕೇಳಿ ಆಟ ಕೆಡುತ್ತೆ. ಯಾವ ಡಬ್ಬಿಯಿಂದ ಬೇಕಾದ್ರೂ ಶುರು ಮಾಡೋ ಹಾಗೆ ಇರಬೇಕಂದ್ರೆ ಪ್ರತಿ ಸುಳಿವೂ ತನ್ನಷ್ಟಕ್ಕೆ ನಿಲ್ಲಬೇಕು. ಅಂದ್ರೆ ಆರು ಸುಳಿವೂ ಎಲ್ಲರಿಗೂ ಗೊತ್ತಿರೋ ಗುರುತಿನಿಂದಲೇ ಹೊರಡಬೇಕು: ಕಣ, ಪಂಪ್‌ಹೌಸ್, ಮೋರಿ, ಕೆರೆ ಏರಿ, ಗೋಡೌನ್.

ರಾಜಾಸೀಟ್ ಬೇಡ. ಅದು ತೋಟಗಾರಿಕೆ ಇಲಾಖೆ ಕೈಲಿದೆ, ಭಾನುವಾರ ಪ್ರವಾಸಿಗರ ಜಾತ್ರೆ. ಜನಜಂಗುಳಿಯಲ್ಲಿ ವಾರಸುದಾರರಿಲ್ಲದ ಡಬ್ಬಿ ಕಂಡ್ರೆ ಪೊಲೀಸರಿಗೆ ಫೋನ್ ಹೋಗುತ್ತೆ, ಹೋಗಬೇಕಾದ್ದೇ. ಮಡಿಕೇರಿ ಕೋಟೆ ಆವರಣವೂ ಬೇಡ, ಅದು ಸಂರಕ್ಷಿತ ಸ್ಮಾರಕ, ಅಲ್ಲಿ ಕಲ್ಲು ಸಂದಿಗೆ ಏನನ್ನೂ ತುರುಕೋ ಹಾಗಿಲ್ಲ. ತೋಟದೊಳಗೂ ಪಾರದರ್ಶಕ ಡಬ್ಬಿಯನ್ನೇ ಬಳಸಿ, ಮುಚ್ಚಳದ ಮೇಲೆ «ಇದು ಆಟದ ಡಬ್ಬಿ, ನೋಡಿ ಅಲ್ಲೇ ಇಟ್ಟುಬಿಡಿ» ಅಂತ ಕನ್ನಡದಲ್ಲಿ ಚೀಟಿ ಅಂಟಿಸಿ.

ಈಗ ನಿಮ್ಮ ಸುಳಿವು. ದೊಡ್ಡ ಗೇಟು ಕಬ್ಬಿಣದ್ದಲ್ವಾ? ಅದಕ್ಕೆ ಬೆನ್ನು ಕೊಟ್ಟು ನಿಂತ್ರೆ ದಿಕ್ಸೂಚಿಯ ಮುಳ್ಳು ಗೇಟಿನ ಮಾತು ಕೇಳುತ್ತೆ, ಉತ್ತರದ ಮಾತು ಕೇಳಲ್ಲ. ಕಬ್ಬಿಣದಿಂದ ನಾಲ್ಕೈದು ಮೀಟರ್ ದೂರ ಬಂದು ಅಳೆಯಿರಿ. ಮೊಬೈಲ್ ದಿಕ್ಸೂಚಿಯಾದ್ರೆ ಆಯಸ್ಕಾಂತ ಇರೋ ಕವರ್ ಬಿಚ್ಚಿಸಿ, ಗಾಳಿಯಲ್ಲಿ ಎಂಟು ಬರೆದ ಹಾಗೆ ಎರಡು ಸಲ ಆಡಿಸಿದ ಮೇಲೇ ನಂಬಬೇಕು. 40 ಹೆಜ್ಜೆ ಅಂದ್ರೆ ಯಾರ ಹೆಜ್ಜೆ? ಒಂದು ಕಾಲಿಟ್ಟರೆ ಒಂದಾ, ಎಡಗಾಲಿಂದ ಎಡಗಾಲಿಗೆ ಒಂದಾ? ಹಳೇ ಆಟಗಾರರಲ್ಲೇ ಎರಡೂ ಲೆಕ್ಕ ಇದೆ. ದೊಡ್ಡವರು ಒಂದು ಕಾಲಿಗೆ ಸುಮಾರು 70–75 ಸೆಂ.ಮೀ. ಹೋದ್ರೆ, ಎಂಟು ವರ್ಷದ ಮಗು 50 ಹೋಗಬಹುದು. 40 ಹೆಜ್ಜೆಗೆ ಎಂಟು-ಹತ್ತು ಮೀಟರ್ ವ್ಯತ್ಯಾಸ. ಹಾಗಾಗಿ ಹೆಜ್ಜೆ ಲೆಕ್ಕ 20 ದಾಟಬಾರದು, ಕೊನೆಗೆ ಒಂದು ಕಣ್ಣಿಗೆ ಕಾಣೋ ಗುರುತು ಇರಲೇಬೇಕು.

7ನೇ ಸಿಲ್ವರ್ ಓಕ್ ಅನ್ನೋದು ಇನ್ನೂ ಕಷ್ಟ. ಸಾಲು ಎಲ್ಲಿಂದ ಶುರು? ತೋಟದ ತುಂಬ ಸಿಲ್ವರ್ ಓಕೇ. ಮರಗಸಿ (ನೆರಳಿನ ಮರದ ಕೊಂಬೆ ಸವರೋದು) ಮಾಡಿದ ಮೇಲೆ ಆಕಾರ ಬದಲಾಗುತ್ತೆ, ಕಡಿದು ಮಾರಿದ್ರೆ ಲೆಕ್ಕಾನೇ ಬದಲಾಗುತ್ತೆ. ಒಂಟಿ ಹಲಸು, ಬಂಡೆ, ವಿದ್ಯುತ್ ಕಂಬದ ನಂಬರು ಇಂಥವು ವಾಸಿ.

ಕೊನೇದು, «ಕೈ ಹಾಕಿ ನೋಡಿ» ಅನ್ನೋದನ್ನ ಈಗಲೇ ಹೊಡೆದುಹಾಕಿ. ಪೊಟರೆ, ಕಲ್ಲುಸಂದಿ, ಹುತ್ತದ ಪಕ್ಕ ಯಾವುದೂ ಬೇಡ. ಬಗ್ಗಿ ನೋಡಿದ್ರೆ ಕಾಣಬೇಕು, ಕೋಲಲ್ಲಿ ಎಲೆ ಸರಿಸಿ ತೆಗೆಯೋ ಹಾಗಿರಬೇಕು. ಹಾವಿನ ಮಾತು ಬಿಡಿ, ಗಿಡದಲ್ಲಿ ಚಗಳಿ ಇರುವೆ ಗೂಡಿದ್ರೂ ಸಾಕು, ಮಕ್ಕಳು ಮತ್ತೆ ಈ ಆಟಕ್ಕೆ ಬರಲ್ಲ.

ರಬ್ಬರ್_ಪುಡಿ

ಕೆತ್ತನೆ ಬಗ್ಗೆ ಹೇಳ್ತೀನಿ.

ಮೆತ್ತನೆ ಕೆತ್ತನೆ ರಬ್ಬರ್ ಆನ್‌ಲೈನ್‌ನಲ್ಲಿ ಶೀಟ್ ಆಗಿ ಸಿಗುತ್ತೆ, 3×4 ಸೆಂ.ಮೀ. ತುಂಡು ಮಾಡಿಕೊಳ್ಳಿ. ಇಲ್ಲಾಂದ್ರೆ ಸ್ಟೇಷನರಿ ಅಂಗಡಿಯ ದೊಡ್ಡ ಬಿಳಿ ರಬ್ಬರ್ ಸಾಕು. ಮರಳುಮರಳಾದ ಇಂಕ್ ರಬ್ಬರ್ ಬೇಡ, ಪುಡಿಪುಡಿಯಾಗುತ್ತೆ. 24 ಜನಕ್ಕೆ 30 ತುಂಡು ಇಟ್ಟುಕೊಳ್ಳಿ, ಐದಾರು ಖಂಡಿತ ಹಾಳಾಗುತ್ತೆ. ಲಿನೋ ಕಟರ್ (ಕೆತ್ತೋ ಉಳಿ) ಇಬ್ಬರಿಗೊಂದು ಅಂದ್ರೆ 12, ಗೆರೆಗೆ ಸಣ್ಣ ವಿ ಆಕಾರದ ಅಲಗು, ಖಾಲಿ ಜಾಗ ತೆಗೆಯೋಕೆ ಅಗಲದ ಯು ಅಲಗು. 10 ವರ್ಷದ ಒಳಗಿನವರಿಗೆ ಅಲಗು ಕೊಡಬೇಡಿ. ಕ್ರಾಫ್ಟ್ ಫೋಮ್ ಶೀಟ್ ಕತ್ತರಿಯಲ್ಲಿ ಕತ್ತರಿಸಿ ನೀರಿನ ಬಾಟಲಿ ಮುಚ್ಚಳಕ್ಕೆ ಅಂಟಿಸಿದ್ರೆ ಒಳ್ಳೇ ಸ್ಟ್ಯಾಂಪ್ ಆಗುತ್ತೆ.

ಚಿತ್ರವನ್ನ ಟ್ರೇಸಿಂಗ್ ಪೇಪರ್ ಮೇಲೆ 4ಬಿ ಪೆನ್ಸಿಲ್‌ನಲ್ಲಿ ಬರೆದು, ಬರೆದ ಮುಖ ಕೆಳಗೆ ಮಾಡಿ ರಬ್ಬರ್ ಮೇಲಿಟ್ಟು ಉಗುರಿನಲ್ಲಿ ಉಜ್ಜಿ. ಚಿತ್ರ ತಾನಾಗೇ ತಿರುಗಿ ಕೂರುತ್ತೆ, ಒತ್ತಿದಾಗ ನೆಟ್ಟಗೆ ಬರುತ್ತೆ. ನೇರ ರಬ್ಬರ್ ಮೇಲೇ ಬರೆದವರ ಅಕ್ಷರ ಕನ್ನಡಿಯಲ್ಲಿ ಓದಬೇಕಾಗುತ್ತೆ. ಅಕ್ಷರದ ವಿಷಯಕ್ಕೆ ಬಂದ್ರೆ, 3 ಸೆಂ.ಮೀ. ರಬ್ಬರ್‌ನಲ್ಲಿ ಒತ್ತಕ್ಷರಕ್ಕೆ ಕೈ ಹಾಕಬೇಡಿ. ಠ, ಥ ಇವುಗಳ ನಡುವಿನ ಚುಕ್ಕೆ ನಿಲ್ಲಲ್ಲ, ಕಿತ್ತುಬರುತ್ತೆ. ಹೆಸರಿನ ಮೊದಲಕ್ಷರ, ಒಂದು ಕಾಫಿ ಎಲೆ, ಒಂದು ಗೊಂಚಲು ಕಾಳುಮೆಣಸು, ಇಷ್ಟು ಸಾಕು.

ಕೆತ್ತುವಾಗ ಅಲಗು ಗೆರೆಯಿಂದ ಹೊರಗೆ ಓರೆಯಾಗಿರಬೇಕು, ಗೆರೆಯ ಬುಡ ತುದಿಗಿಂತ ಅಗಲ ಬರಬೇಕು, ಗದ್ದೆಯ ಬದು ಇದ್ದ ಹಾಗೆ. ಒಳಗೆ ಓರೆ ಮಾಡಿದ್ರೆ ಗೆರೆಯ ಬುಡ ಟೊಳ್ಳಾಗಿ, ಹತ್ತು ಸಲ ಒತ್ತೋದ್ರೊಳಗೆ ಮಡಚಿಕೊಂಡು ಹರಿಯುತ್ತೆ. ಆಳ 2 ಮಿ.ಮೀ. ಸಾಕು. ಬಾಗಿದ ಗೆರೆಗೆ ಕೈ ತಿರುಗಿಸಬೇಡಿ, ಕಟರ್ ಹಿಡಿದ ಕೈ ಹಾಗೇ ಇಟ್ಟು ಇನ್ನೊಂದು ಕೈಯಲ್ಲಿ ರಬ್ಬರನ್ನೇ ತಿರುಗಿಸಿ. ರಬ್ಬರ್ ಹಿಡಿದ ಬೆರಳು ಯಾವಾಗಲೂ ಅಲಗಿನ ಹಿಂದೆ ಇರಲಿ. ಬ್ಯಾಂಡೇಜ್ ಪಟ್ಟಿ ಮೇಜಿನ ಮೇಲೇ ಇಡಿ, ಕಾರಿನಲ್ಲಲ್ಲ.

ಇನ್ನೊಂದು, ಇದನ್ನ ಯಾರೂ ಹೇಳಲ್ಲ: ಬಿಳಿ ರಬ್ಬರ್‌ಗಳಲ್ಲಿ ಹೆಚ್ಚಿನವು ಪಿವಿಸಿ ಅನ್ನೋ ಪ್ಲಾಸ್ಟಿಕ್. ಅದನ್ನ ಮೆದು ಮಾಡೋಕೆ ಹಾಕಿರೋ ಎಣ್ಣೆಯಂಥ ವಸ್ತು ಕೆಲವು ಪ್ಲಾಸ್ಟಿಕ್‌ಗಳಿಗೆ ಇಳಿದು ಎರಡೂ ಕರಗಿ ಅಂಟಿಕೊಳ್ಳುತ್ತೆ. ಶಾಲೆ ಮಕ್ಕಳ ಸ್ಕೇಲಿಗೆ ರಬ್ಬರ್ ಅಂಟಿಕೊಂಡಿರೋದು ನೋಡಿರ್ತೀರಿ, ಅದೇ. ಹಾಗಾಗಿ ಸ್ಟ್ಯಾಂಪನ್ನ ಬಟ್ಟೆಯಲ್ಲಿ ಅಥವಾ ಕಾಗದದಲ್ಲಿ ಸುತ್ತಿಯೇ ಡಬ್ಬಿಗೆ ಹಾಕಿ. ಹಿಂಬದಿಗೆ ಮರದ ತುಂಡು ಅಂಟಿಸಿ, ಮೇಲ್ಭಾಗ ಯಾವ್ದು ಅಂತ ಬಾಣದ ಗುರುತು ಹಾಕಿ.

ಕೆತ್ತನೆಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. 9ಕ್ಕೆ ಶುರು, ಹತ್ತೂವರೆಗೆ ಕಾಫಿ, 11ಕ್ಕೆ ಮೊದಲ ವಿಸಿಲ್, ಒಂದೂವರೆಗೆ ಊಟ. ಆರು ಡಬ್ಬಿಗಳ ಸ್ಟ್ಯಾಂಪ್ ಮಾತ್ರ ನೀವು ಮೊದಲೇ ಚೆನ್ನಾಗಿ ಕೆತ್ತಿರಬೇಕು. ಡಬ್ಬಿ ತೆರೆದಾಗ ಅಂಗಡಿಯ ನಗುಮುಖದ ಸ್ಟ್ಯಾಂಪ್ ಸಿಕ್ಕಿದ್ರೆ ಅಷ್ಟು ನಡೆದದ್ದಕ್ಕೆ ಏನು ಸಿಕ್ಕ ಹಾಗಾಯ್ತು?

ಬೂಷ್ಟು_ಶತ್ರು

ಇಂಕಿನ ಬಗ್ಗೆ ಸೇರಿಸ್ತೀನಿ. ಆಫೀಸಿನ ನೇರಳೆ ಸ್ಟ್ಯಾಂಪ್ ಪ್ಯಾಡ್ ಬೇಡ, ಒಂದು ಹನಿ ನೀರು ತಾಗಿದ್ರೆ ಪುಟವೆಲ್ಲ ನೇರಳೆ. ಪಿಗ್ಮೆಂಟ್ ಇಂಕ್ ನಿಲ್ಲುತ್ತೆ, ಆದರೆ ನಮ್ಮ ಥಂಡಿಗೆ ಒಣಗೋದು ನಿಧಾನ. ತಕ್ಷಣ ಪುಸ್ತಕ ಮುಚ್ಚಿದ್ರೆ ಎದುರು ಪುಟದಲ್ಲೂ ಅದೇ ಚಿತ್ರ. ಪುಟದ ನಡುವೆ ಒಂದು ತುಂಡು ನ್ಯೂಸ್‌ಪೇಪರ್ ಇಡಿ. ಪ್ಯಾಡನ್ನ ಸ್ಟ್ಯಾಂಪ್ ಮೇಲೆ ಮೆಲ್ಲಗೆ ತಟ್ಟಬೇಕು. ಸ್ಟ್ಯಾಂಪನ್ನ ಪ್ಯಾಡಿಗೆ ಅದುಮಿದ್ರೆ ಗುಂಡಿಯೊಳಗೂ ಇಂಕ್ ತುಂಬುತ್ತೆ.

ಡಬ್ಬಿ: ನಾಲ್ಕು ಕಡೆ ಲಾಕ್, ಸಿಲಿಕೋನ್ ರಿಂಗ್ ಇರೋದು, 500–700 ಮಿ.ಲೀ. ಹಿಂದಿನ ದಿನವೇ ಒಳಗೆ ಟಿಶ್ಯೂ ಹಾಕಿ, ಮೇಲೆ ಕಲ್ಲು ಹೇರಿ, ಬಕೆಟ್ ನೀರಲ್ಲಿ 10 ನಿಮಿಷ ಮುಳುಗಿಸಿ ನೋಡಿ. ಪುಸ್ತಕ ಗೆರೆ ಇಲ್ಲದ್ದು, 100 ಜಿಎಸ್‌ಎಂ ಮೇಲಿನ ದಪ್ಪ ಕಾಗದ, ದಾರದಲ್ಲಿ ಹೊಲಿದದ್ದು. ಸ್ಟೇಪ್ಲರ್ ಪಿನ್ ಒಂದೇ ಮಳೆಗಾಲಕ್ಕೆ ತುಕ್ಕು. ಪುಸ್ತಕ ಒಂದು ಜಿಪ್ ಕವರಿಗೆ, ಸ್ಟ್ಯಾಂಪ್ ಇನ್ನೊಂದಕ್ಕೆ.

ಡಬ್ಬಿಗೆ ನೀರು ಹೋಗೋದು ಹೆಚ್ಚಾಗಿ ಡಬ್ಬಿಯ ತಪ್ಪಿಂದ ಅಲ್ಲ. ಜಿಪ್ ಕವರಿನ ಮೂಲೆ ಮುಚ್ಚಳಕ್ಕೆ ಸಿಕ್ಕಿಹಾಕಿಕೊಂಡಿರುತ್ತೆ, ಆ ಮಡಿಕೆ ಹಿಡಿದು ನೀರು ಒಳಗೆ ಹರಿಯುತ್ತೆ. ಮುಚ್ಚುವ ಮೊದಲು ಸುತ್ತ ಬೆರಳಾಡಿಸಿ ನೋಡೋದನ್ನ ಎಲ್ಲರಿಗೂ ಮಾಡಿ ತೋರಿಸಿ.

ಮುಗಿದ ಮೇಲೆ ಡಬ್ಬಿ ಅಲ್ಲೇ ಬಿಡಬೇಡಿ. ಮಡಿಕೇರಿ ಕಡೆ ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ. ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ ಮತ್ತೆ ಮತ್ತೆ ಮುಚ್ಚಳ ತೆರೆದರೆ ತುಂಬಿಹೋಗುತ್ತೆ, ಆಮೇಲೆ ಅದು ಬರೀ ಕಲ್ಲು. ಒಂದು ಡಬ್ಬಿ ಬಿಡಲೇಬೇಕಂತಿದ್ರೆ ಮಾಲೀಕರ ಒಪ್ಪಿಗೆ ಪಡೆದು, ಮೇ ಕೊನೆಗೆ ತೆಗೆದು ಅಕ್ಟೋಬರ್‌ನಲ್ಲಿ ಮತ್ತೆ ಇಡಿ.

ಕಣದ_ಕಾವಲು

ತೋಟದವರ ಕಡೆಯಿಂದ ಕೆಲವು ಮಾತು.

ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಯಾವತ್ತು ಅಂತ ನೋಡಿಕೊಂಡು ಆ ವಾರ ಬಿಟ್ಟುಬಿಡಿ, ಮನೆಮಂದಿಯೆಲ್ಲ ಹಬ್ಬದಲ್ಲಿರ್ತಾರೆ. ಭಾನುವಾರ ಒಳ್ಳೇದೇ, ಕೆಲಸದವರಿಗೆ ರಜೆ. ಆದರೆ ಡಿಸೆಂಬರ್ ಅಂದ್ರೆ ರೊಬಸ್ಟಾ ಹಣ್ಣಾಗೋ ಹೊತ್ತು. ಗಿಡದ ಸಾಲಿನೊಳಗೆ 24 ಜನ ನುಗ್ಗಿದ್ರೆ ಹಣ್ಣು ಉದುರುತ್ತೆ, ಮಾಲೀಕರು ಬಾಯಿಬಿಟ್ಟು ಹೇಳದೇ ಇರಬಹುದು, ಆದರೆ ಮುಂದಿನ ವರ್ಷ ಜಾಗ ಕೊಡಲ್ಲ. ಎಲ್ಲ ಡಬ್ಬಿಯೂ ತೋಟದ ರಸ್ತೆಯಿಂದ 2 ಮೀಟರ್ ದಾಟದ ಹಾಗೆ ಇರಲಿ, ಅದನ್ನ ಸುಳಿವಿನ ಹಾಳೆಯಲ್ಲೂ ಬರೆಯಿರಿ. ಫೆಬ್ರವರಿ–ಮಾರ್ಚ್‌ಗೆ ಮುಂದೂಡೋ ಯೋಚನೆ ಬೇಡ: ಹೂವಿಗೆ ಅಂತ ಸ್ಪ್ರಿಂಕ್ಲರ್ ಹಾಕಿರ್ತಾರೆ, ಡಬ್ಬಿ, ಜನ ಎರಡೂ ನೆನೆಯುತ್ತೆ, ಹೂ ಬಿಟ್ಟ ಮೇಲಂತೂ ಯಾರೂ ಒಳಗೆ ಬಿಡಲ್ಲ.

ಸಿದ್ದಾಪುರ ಕಡೆ ಅಂದ್ರೆ ಆನೆ ಇದ್ದೇ ಇದೆ. ಆ ದಿನ ಬೆಳಿಗ್ಗೆ ಏಳಕ್ಕೆ ತೋಟದ ರೈಟರ್ (ಕೆಲಸ, ಲೆಕ್ಕ ನೋಡಿಕೊಳ್ಳೋರು) ಹತ್ರ ಕೇಳಿ: ರಾತ್ರಿ ಬಂದಿತ್ತಾ, ಯಾವ ಕಡೆ ಇಳಿದು ಹೋಯ್ತು, ಈಗ ಎಲ್ಲಿದೆ. «ಹೋಗಿರಬೇಕು» ಅಂದ್ರೆ ಹುಡುಕಾಟ ಬಿಟ್ಟು ಕೆತ್ತನೆ ಮಾತ್ರ ಮಾಡಿಸಿ, ಕಣದ ಸುತ್ತಲೇ ಡಬ್ಬಿ ಇಟ್ಟು ಮುಗಿಸಿ. ಡಬ್ಬಿಗೆ ಮಿಠಾಯಿ, ಪರಿಮಳದ ರಬ್ಬರ್ ಹಾಕಲೇಬೇಡಿ, ಕೋತಿ ಹಲ್ಲಿಗೆ ನಾಲ್ಕು ಲಾಕ್ ಲೆಕ್ಕಕ್ಕಿಲ್ಲ. ಸೋಲಾರ್ ಬೇಲಿ ಎಲ್ಲಿದೆ ಅಂತ ಮಕ್ಕಳಿಗೆ ಮೊದಲೇ ತೋರಿಸಿ.

ತೋಟಕ್ಕೆ ಹೊಂದಿಕೊಂಡು ದೇವರಕಾಡು ಇದ್ರೆ ಅದರೊಳಗೆ ಡಬ್ಬಿ ಬೇಡ, ಅಂಚಿನಲ್ಲೂ ಬೇಡ. ರಕ್ಷಿತಾರಣ್ಯಕ್ಕೂ ಇದೇ ಮಾತು.

ಹಾರಂಗಿ_ಹಕ್ಕಿ

ಎಲ್ಲರಿಗೂ ಥ್ಯಾಂಕ್ಸ್. 6 ಡಬ್ಬಿ, ತೋಟದ ರಸ್ತೆಯಲ್ಲೇ, ಸಂಜೆ ಎಲ್ಲ ವಾಪಸ್. ಸುಳಿವು ತಿದ್ದಿದೀನಿ, ನೋಡಿ:

«ಪಂಪ್‌ಹೌಸ್ ಬಿಟ್ಟು ಕಲ್ಲುಮೋರಿಯ ನಡುವೆ ನಿಲ್ಲಿ. 110 ಡಿಗ್ರಿಗೆ ತಿರುಗಿದರೆ ಒಂಟಿ ಹಲಸಿನ ಮರ ಕಾಣುತ್ತೆ. ಅದರ ಬುಡಕ್ಕೆ ಹೋಗಿ. ರಸ್ತೆಗೆ ಕಾಣದ ಕಡೆ ಮೂರು ಕಲ್ಲು, ಕೋಲಲ್ಲಿ ಎಲೆ ಸರಿಸಿ.»

@ಮೋರಿಕಲ್ಲು ಅಣ್ಣ, ಹೊಸಬರಿಗೆ ಶುರುವಿನಲ್ಲಿ ಏನು ಹೇಳಬೇಕು? ಕೆಲವರು ಇದನ್ನ ಜಿಯೋಕ್ಯಾಶಿಂಗ್ ಅಂದ್ಕೊಂಡಿದಾರೆ.

ಮೋರಿಕಲ್ಲು

ಸುಳಿವು ಈಗ ಸರಿ. ಆದರೂ ತೋಟ ನೋಡಿರದ ಒಬ್ಬರ ಕೈಗೆ ಕೊಟ್ಟು ಹಿಂದಿನ ದಿನ ನಡೆಸಿ ನೋಡಿ, ನೀವು ಜೊತೆಗೆ ಹೋದ್ರೂ ಬಾಯಿ ಬಿಡಬೇಡಿ. ಅವರು ಎಲ್ಲಿ ನಿಂತು ಯೋಚಿಸ್ತಾರೋ ಅಲ್ಲಿ ಒಂದು ಪದ ಕಮ್ಮಿ ಇದೆ.

ಶುರುವಿಗೆ 5 ನಿಮಿಷ ಸಾಕು. 1854ರಲ್ಲಿ ಇಂಗ್ಲೆಂಡಿನ ಡಾರ್ಟ್‌ಮೂರ್‌ನಲ್ಲಿ ಜೇಮ್ಸ್ ಪೆರಟ್ ಅನ್ನೋ ಗೈಡ್ ಕ್ರಾನ್ಮಿಯರ್ ಪೂಲ್ ಅನ್ನೋ ದುರ್ಗಮ ಜಾಗದಲ್ಲಿ ಒಂದು ಬಾಟಲಿ ಇಟ್ಟ, ಅಲ್ಲಿವರೆಗೆ ಹೋದವರು ತಮ್ಮ ವಿಸಿಟಿಂಗ್ ಕಾರ್ಡ್ ಹಾಕಿ ಬರಲಿ ಅಂತ. ಆಮೇಲೆ ಜನ ತಮ್ಮದೇ ವಿಳಾಸ ಬರೆದ ಪೋಸ್ಟ್‌ಕಾರ್ಡ್ ಬಿಟ್ಟು ಬರೋಕೆ ಶುರು ಮಾಡಿದ್ರು, ಮುಂದೆ ಬಂದವರು ಅದನ್ನ ಅಂಚೆಗೆ ಹಾಕೋರು. ಲೆಟರ್‌ಬಾಕ್ಸ್ ಅನ್ನೋ ಹೆಸರು ಅಲ್ಲಿಂದ. ಅಮೆರಿಕದಲ್ಲಿ ಇದು ಹಬ್ಬಿದ್ದು 1998ರಲ್ಲಿ ಸ್ಮಿತ್ಸೋನಿಯನ್ ಪತ್ರಿಕೆಯಲ್ಲಿ ಲೇಖನ ಬಂದ ಮೇಲೆ. ಜಿಯೋಕ್ಯಾಶಿಂಗ್ 2000ದಲ್ಲಿ ಹುಟ್ಟಿದ್ದು. ಅಲ್ಲಿ ಜಿಪಿಎಸ್ ಜಾಗ ತೋರಿಸುತ್ತೆ, ಡಬ್ಬಿಯಲ್ಲಿರೋ ವಸ್ತು ಅದಲುಬದಲು ಮಾಡಬಹುದು. ಇಲ್ಲಿ ಡಬ್ಬಿಯಿಂದ ಏನನ್ನೂ ತೆಗೆದುಕೊಂಡು ಹೋಗೋ ಹಾಗಿಲ್ಲ, ಅಚ್ಚು ಮಾತ್ರ. ಇದನ್ನ ಮಕ್ಕಳಿಗೆ ಎರಡು ಸಲ ಹೇಳಿ, ಚೆಂದದ ಸ್ಟ್ಯಾಂಪ್ ಕಂಡ್ರೆ ಜೇಬಿಗೆ ಹೋಗುತ್ತೆ.

ಸಂಜೆ ಡಬ್ಬಿ ಎಣಿಸುವಾಗ ಒಳಗಿರೋದನ್ನೂ ಎಣಿಸಿ: ಆರು ಸ್ಟ್ಯಾಂಪ್, ಆರು ಪುಸ್ತಕ, ಆರು ಪ್ಯಾಡ್.