ರೇಂಜರ್ ಜೊತೆಗಿರೋ ತೋಳಾನ ಹೇಗೆ ನಿಭಾಯಿಸ್ತೀರಿ?

ನಾನು ಹೊಸ ಡಿಎಂ, ಅಂದ್ರೆ ಆಟ ನಡೆಸೋನು. ಭಾನುವಾರ ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ (ಪಾತ್ರ ವಹಿಸಿ, ಡೈಸ್ ಎಸೆದು ಕಥೆ ಕಟ್ಟೋ ಆಟ) ಐದನೇ ಆವೃತ್ತಿ ಆಡ್ತೀವಿ. ಗೆಳತಿಯೊಬ್ಬಳ ಪಾತ್ರ ಬೀಸ್ಟ್ ಮಾಸ್ಟರ್ ರೇಂಜರ್, ಅಂದ್ರೆ ಪ್ರಾಣಿ ಜೊತೆಗಿಟ್ಕೊಂಡು ಹೋರಾಡೋ ಬೇಟೆಗಾರ್ತಿ, ಜೊತೆಗೊಂದು ತೋಳ. ಹೊಡೆದಾಟ ಶುರುವಾದ್ರೆ ಅವಳ ಟರ್ನ್ ಮುಗಿಯೋದೇ ಇಲ್ಲ. ಹೊಡೆದಾಟ ಇಲ್ಲದಾಗ ತೋಳ ಇದೆ ಅನ್ನೋದೇ ಎಲ್ಲರಿಗೂ ಮರೆತುಹೋಗುತ್ತೆ. ಅನುಭವ ಇದ್ದೋರು ಹೇಳಿ.

— ಯಾವ ನಿಯಮ ಹಿಡಿದಿದ್ದೀರಿ ಮೊದಲು ನೋಡ್ಕೊಳ್ಳಿ. 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಪ್ರಕಾರ ತೋಳ ಕಚ್ಚಬೇಕಂದ್ರೆ ರೇಂಜರ್ ತನ್ನ ಆ್ಯಕ್ಷನ್ (ಆ ಟರ್ನಿನ ಮುಖ್ಯ ಕೆಲಸ) ಬಿಡಬೇಕು. ಶುರುವಿನ ಲೆವೆಲ್‌ಗಳಲ್ಲಿ ಬಿಲ್ಲು ಇಲ್ಲವೇ ತೋಳ, ಒಂದೇ. 2020ರ ಟಾಶಾ ಅನ್ನೋ ಹೆಚ್ಚುವರಿ ನಿಯಮದ ಪುಸ್ತಕದ್ದಾದ್ರೆ ಬೋನಸ್ ಆ್ಯಕ್ಷನ್ (ಅದರ ಜೊತೆಗಿನ ಸಣ್ಣ ಕೆಲಸ) ಸಾಕು. ಸತ್ತರೂ ಒಂದು ಗಂಟೆಯೊಳಗೆ ಮುಟ್ಟಿ, ಒಂದು ಸ್ಪೆಲ್ ಸ್ಲಾಟ್ (ಮಂತ್ರ ಹಾಕೋ ಅವಕಾಶ) ಕಳೆದರೆ ನಿಮಿಷದಲ್ಲಿ ಎದ್ದು ಬರುತ್ತೆ. ಕಣ್ಮುಚ್ಚಿ ಎರಡನೇದು ತಗೊಳ್ಳಿ.

— ನಮ್ಮಲ್ಲಿ ತೋಳಕ್ಕೆ ಬೇರೆ ಬಣ್ಣದ ಡೈಸ್. ಹೊಡೆತದ್ದೂ ಡ್ಯಾಮೇಜಿಂದೂ ಒಟ್ಟಿಗೇ ಎಸೀತಾರೆ, ಅರ್ಧ ಹೊತ್ತು ಉಳೀತು. ಮ್ಯಾಪಿನ ಮೇಲೆ ತೋಳ ಅಂದ್ರೆ ಒಂದು ಹುಣಸೆಬೀಜ. ಅದು ಕಣ್ಣಿಗೆ ಬೀಳ್ತಿದ್ರೆ ಯಾರೂ ಮರೆಯೋಲ್ಲ.

ಹೊಡೆದಾಟದ ಹೊರಗೆ ತೋಳ ನನ್ನ ಕೈಯಲ್ಲಿ, ಡಿಎಂ ನಾನೇ. ಒಂದ್ಸಲ ಎಲ್ಲರೂ ಹಗ್ಗದ ಏಣಿ ಹಿಡಿದು ಹಾಳುಬಾವಿಗೆ ಇಳೀತಿದ್ರು. "ತೋಳ ಹೇಗಪ್ಪಾ ಇಳಿಯುತ್ತೆ?" ಅಂದೆ. ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಕೊನೆಗೆ ಫೈಟರ್ ಅದನ್ನ ಕಂಬಳೀಲಿ ಸುತ್ತಿ ಬೆನ್ನಿಗೆ ಕಟ್ಕೊಂಡ. ಇಪ್ಪತ್ತು ಮುಖದ ಡೈಸಲ್ಲಿ ಬಿದ್ದಿದ್ದು 3. ಅರ್ಧ ದಾರೀಲಿ ತೋಳ ಕುಂಯ್‌ಗುಟ್ಟಿ ಕೆಳಗಿದ್ದ ಗಾಬ್ಲಿನ್‌ಗಳನ್ನೆಲ್ಲ ಎಬ್ಬಿಸ್ತು. ಆ ಬಾವಿ ಸುದ್ದಿ ಈಗಲೂ ಬರುತ್ತೆ.

— ಡಿಎಂ ಕೈಗೆ ತೋಳ ಕೊಡೋದು ನನಗಂತೂ ಒಪ್ಪಿಗೆ ಇಲ್ಲ. ಅದು ಅವಳು ಆರಿಸಿಕೊಂಡ ಶಕ್ತಿ. ಬೇಕಾದ್ರೆ ಹೆದರಿಕೆ, ಹಸಿವು ನೀವು ಹೇಳಿ. ಏನು ಮಾಡುತ್ತೆ ಅನ್ನೋದು ಅವಳೇ ಹೇಳಲಿ. ವಾಸನೆ ಹಿಡಿಯೋ, ಸದ್ದು ಕೇಳೋ ಪರ್ಸೆಪ್ಷನ್‌ಗೆ (ಗಮನಿಸೋ ಡೈಸ್‌ಗೆ) ಹಳೇ ನಿಯಮದ ತೋಳಕ್ಕೆ ಅಡ್ವಾಂಟೇಜ್ (ಎರಡು ಸಲ ಎಸೆದು ದೊಡ್ಡದನ್ನ ಇಟ್ಕೊಳ್ಳೋದು) ಇದೆ, ಬಾಗಿಲು ಸಿಕ್ಕಾಗಲೆಲ್ಲ ಕೇಳಿ.

— ಸಾವಿನ ಮಾತು ಮೊದಲೇ ಆಡ್ಕೊಳ್ಳಿ. ಹಳೇ ನಿಯಮದಲ್ಲಿ ಐದನೇ ಲೆವೆಲ್ ರೇಂಜರ್‌ನ ತೋಳದ ಎಚ್‌ಪಿ (ಜೀವದ ಅಂಕ) 20, ಫೈರ್‌ಬಾಲ್ ಮಂತ್ರದ ಪೆಟ್ಟು ಸರಾಸರಿ 28. ನನ್ನದು ಹಾಗೇ ಹೋಯ್ತು. ಡಿಎಂ "ಸರಿ, ಮುಂದಿನ ಟರ್ನ್" ಅಂದುಬಿಟ್ಟ. ಆಮೇಲೆ ಎರಡು ವಾರ ನಾನು ಆಟಕ್ಕೇ ಹೋಗ್ಲಿಲ್ಲ.

— ಕೇಳಿದವನು ನಾನೇ. ಹುಣಸೆಬೀಜ ಎತ್ತಿಟ್ಟಿದ್ದೀನಿ. ತೋಳ ಸತ್ರೆ ಏನು ಮಾಡೋಣ ಅಂತ ಅವಳನ್ನೂ ಕೇಳ್ದೆ. "ಸಾಯ್ಲಿ ಬಿಡು, ಮಣ್ಣು ಮಾಡೋಕೆ ಟೈಮ್ ಕೊಡು" ಅಂದಳು.