ನೈಫ್ ಶೋನಲ್ಲಿ ಚಾಕು ಫೋಟೋ ತೆಗೆದ್ರೆ ಬ್ಲೇಡ್ ಕಪ್ಪಗೆ ಬರುತ್ತೆ, ಏನ್ ಮಾಡೋದು?

ಅಲ್ಫರೆಟ್ಟಾ ಹುಡುಗ

ಎಲ್ರಿಗೂ ನಮಸ್ಕಾರ, ಸ್ವಲ್ಪ ವಿಚಿತ್ರ ಪ್ರಶ್ನೆ, ನಗಬೇಡಿ. ನಾನಿರೋದು ಅಟ್ಲಾಂಟಾ ಹತ್ರ. ಇಲ್ಲಿ ಪ್ರತಿ ಜೂನಲ್ಲಿ ಬ್ಲೇಡ್ ಶೋ ಅಂತ ಮೂರು ದಿನ ನಡೆಯುತ್ತೆ, ಕೈಯಲ್ಲಿ ಚಾಕು ಮಾಡೋರೆಲ್ಲ ಎಲ್ಲೆಲ್ಲಿಂದಲೋ ಬಂದು ಟೇಬಲ್ ಹಾಕ್ಕೊಂಡು ಕೂತಿರ್ತಾರೆ, ಒಂಥರಾ ಬಸವನಗುಡಿ ಪರಿಷೆ, ಕಡಲೆಕಾಯಿ ಬದ್ಲು ಚಾಕು ಅಷ್ಟೆ. ನನ್ ಆಫೀಸ್ ಫ್ರೆಂಡ್ ಒಬ್ಬ ಗ್ಯಾರೇಜಲ್ಲೇ ಕುಲುಮೆ ಇಟ್ಕೊಂಡು ವೀಕೆಂಡಲ್ಲಿ ಚಾಕು ಬಡೀತಾನೆ, ಈ ಸಲ ಅವನಿಗೂ ಅರ್ಧ ಟೇಬಲ್ ಸಿಕ್ಕಿದೆ, ಫೋಟೋ ನೀನೇ ತೆಗಿ ಅಂದ, ನಾನೂ ಹೂಂ ಅಂದ್ಬಿಟ್ಟೆ.

ಪ್ರಾಬ್ಲಂ ಏನಂದ್ರೆ ಹೋದ್ ವರ್ಷ ಸುಮ್ನೆ ನೋಡೋಕ್ ಹೋಗಿ ಇನ್ನೂರು ಫೋಟೋ ಹೊಡೆದಿದ್ದೆ, ಒಂದೂ ನೆಟ್ಟಗಿಲ್ಲ. ಅರ್ಧ ಬ್ಲೇಡ್ ಕಪ್ಪು, ಉಳಿದರ್ಧದಲ್ಲಿ ಹಾಲ್ ಚಾವಣಿಯ ಕಂಬಿಗಳು, ಒಂದ್ರಲ್ಲಂತೂ ಚಾಕುಗಿಂತ ನನ್ ಚೆಕ್ಸ್ ಶರ್ಟೇ ಶಾರ್ಪಾಗಿ ಬಂದಿದೆ. ನನ್ ಹತ್ರ ಇರೋದು ನಿಕಾನ್ ಡಿ7500, 18-140 ಕಿಟ್ ಲೆನ್ಸ್, ಒಂದು ಹಳೇ ಫ್ಲ್ಯಾಶ್, ಆಮೇಲೆ ಐಫೋನ್. ಪೋಲರೈಸರ್, ಅದೇ ಲೆನ್ಸ್ ಮುಂದೆ ಹಾಕಿ ತಿರುಗಿಸೋ ಫಿಲ್ಟರ್, ತಗೊಂಡ್ರೆ ಸರಿಹೋಗುತ್ತಾ? ಅಮೆಜಾನಲ್ಲಿ ಸಿಗುತ್ತಲ್ಲ ಲೈಟ್ ಟೆಂಟ್, ಸುತ್ತ ಬಿಳಿ ಬಟ್ಟೆಯ ಡಬ್ಬಿ ಥರದ್ದು, ಅದು ತಗೊಳ್ಳಾ?

ಧಾರವಾಡದಾಂವ

ಪೋಲರೈಸರ್ ತೊಗೋರಿ, ಎರಡನೇ ಮಾತಿಲ್ಲ. ನಾ ಕೆರಿ ಫೋಟೋ ತಗೀಬೇಕಾದ್ರ ಅದನ್ನ ಹಾಕ್ತೀನಿ, ನೀರಿನ ಮ್ಯಾಲಿನ ಹೊಳಪು ಪೂರಾ ಹೋಗಿ ಒಳಗಿನ ಮೀನ ಕಾಣ್ತಾವ. ಚಾಕೂನೂ ಹೊಳಿಯೋದಽ ಅಲ್ಲೇನ್ರಿ.

ಎಫ್‌ಎಂಟು ತಾತ

ಧಾರವಾಡದವರೇ, ನೀರಿಗೆ ಗಾಜಿಗೆ ವಾರ್ನಿಷ್ ಹೊಡೆದ ಮರಕ್ಕೆ ಅದು ಕೆಲಸ ಮಾಡುತ್ತೆ, ಬರೀ ಲೋಹದ ಮೇಲೆ ಮಾಡಲ್ಲ. ಲೋಹದಿಂದ ವಾಪಸ್ ಬರೋ ಬೆಳಕು ನೀರಿನ ಥರ ಪೋಲರೈಸ್ ಆಗಿ ಬರೋದಿಲ್ಲ, ನೀವು ರಿಂಗ್ ಎಷ್ಟು ತಿರುಗಿಸಿದ್ರೂ ಅಷ್ಟೆ. ಲೈಟಿನ ಮುಂದೆನೂ ಒಂದು ಪೋಲರೈಸಿಂಗ್ ಶೀಟ್ ಹಾಕಿದ್ರೆ ಕಥೆ ಬೇರೆ, ಆದ್ರೆ ಶೋ ಟೇಬಲ್ ಮೇಲೆ ಆ ರಗಳೆ ಬೇಡ. ಚಾಕುವಿನ ಹಿಡಿ ಪಾಲಿಶ್ ಮಾಡಿದ ಮರದ್ದಾಗಿದ್ರೆ ಅದಕ್ಕೆ ಮಾತ್ರ ಸ್ವಲ್ಪ ಉಪಯೋಗ.

ಈಗ ನೀನು ಕೇಳಪ್ಪ ಹುಡುಗ. ಎಂಬತ್ತರ ದಶಕದಲ್ಲಿ ನಾನು ಚಿಕ್ಕಪೇಟೆ ಕಡೆ ಪಾತ್ರೆ ಅಂಗಡಿಗಳ ಕ್ಯಾಟಲಾಗಿಗೆ ಸ್ಟೀಲ್ ತಟ್ಟೆ ಕೊಳಗ ಟಿಫನ್ ಕ್ಯಾರಿಯರ್ ಫೋಟೋ ತೆಗೆದು ಜೀವನ ಮಾಡಿದೋನು. ಮೊದಲನೇ ದಿನ ಕೊಳಗದೊಳಗೆ ನಾನು, ನನ್ ಸ್ಟ್ಯಾಂಡು, ಪಕ್ಕದಲ್ಲಿ ಕಾಫಿ ಕುಡೀತಿದ್ದ ಅಂಗಡಿ ಸಾಹುಕಾರ, ಎಲ್ರೂ ಬಂದಿದ್ವಿ. ಚಾಕೂ ಅಷ್ಟೆ, ಅದು ಕನ್ನಡಿ. ಬ್ಲೇಡ್ ಕಪ್ಪಗೆ ಬಂದಿದೆ ಅಂದ್ರೆ ಬೆಳಕು ಕಮ್ಮಿ ಅಂತಲ್ಲ, ಕಪ್ಪಗಿರೋ ಏನನ್ನೋ ಅದು ನೋಡ್ತಿದೆ. ಹಾಗಾಗಿ ಅಲಗಿನ ಎದುರಿಗೆ ಏನು ಕಾಣಬೇಕು ಅಂತ ನೀನೇ ಇಡಬೇಕು. ನಾವು ಮರದ ಚೌಕಟ್ಟಿಗೆ ಬಿಳಿ ಪಂಚೆ ಬಿಗಿದು ಹಿಂದಿಂದ ಬಲ್ಬ್ ಬಿಡ್ತಿದ್ವಿ, ತೆಳು ಪಂಚೆ, ಅಂಚಿಲ್ಲದ್ದು, ಅಂಚಿದ್ರೆ ಕೊಳಗದ ಮೇಲೆ ಜರಿ ಗೆರೆ ಬರುತ್ತೆ.

ಚಾಕು ಮಲಗಿಸು. ಡಿಫ್ಯೂಸರನ್ನ, ಅಂದ್ರೆ ಆ ಪಂಚೆ ಚೌಕಟ್ಟನ್ನ, ಚಾಕುವಿನ ಆಚೆ ಬದಿಗೆ ಮೇಲ್ಗಡೆ ಇಟ್ಟು ನಿನ್ನ ಕಡೆ ಬಾಗಿಸು. ನೀನು ಈ ಕಡೆಯಿಂದ ನೋಡಿದಾಗ ಅಲಗಿನಲ್ಲಿ ಆ ಬಿಳಿ ಬಟ್ಟೆ ಕಾಣಬೇಕು, ಕ್ಯಾಮೆರಾ ಆಚೆಗಿಟ್ಟು ಒಂದು ಕಣ್ಣು ಮುಚ್ಚಿ ನೋಡು, ಕಂಡ್ರೆ ಅಲ್ಲೇ ಕ್ಯಾಮೆರಾ ಇಡು. ಲೈಟ್ ಟೆಂಟ್ ತಗೋಬೇಡ, ಸುತ್ತಾ ಬಿಳುಪಾದ್ರೆ ಚಾಕು ಸುಣ್ಣ ಹೊಡೆದ ಗೋಡೆ ಥರ ಸತ್ತು ಬಿದ್ದಿರುತ್ತೆ. ಒಂದು ತುದಿ ಬೆಳ್ಳಗೆ ಶುರುವಾಗಿ ಇನ್ನೊಂದು ಕಡೆ ಮೆಲ್ಲಗೆ ಬೂದಿಗೆ ಇಳೀಬೇಕು, ಆಗ್ಲೇ ಅದು ಉಕ್ಕು ಅಂತ ಅನ್ಸೋದು.

ಹಾಲ್‌ನಲ್ಲಿ ಮೇಲೊಂದು ಬಣ್ಣದ ಲೈಟು, ಪಕ್ಕದ ಟೇಬಲಿನವನದ್ದು ಹಳದಿ ಲ್ಯಾಂಪು, ಎಲ್ಲಾ ಸೇರಿ ಅಲಗಿನ ಮೇಲೆ ಹೋಳಿ ಆಡಿರುತ್ತೆ. ಅದಕ್ಕೆ ನಿನ್ ಹಳೇ ಫ್ಲ್ಯಾಶ್ ಸಾಕು, ಕ್ಯಾಮೆರಾ ಮೇಲೆ ಬೇಡ, ಪಂಚೆ ಹಿಂದೆ ಇಡು. ಐಎಸ್‌ಒ 100, ಎಫ್ 11, ಶಟರ್ 1/160. ಮೊದ್ಲು ಫ್ಲ್ಯಾಶ್ ಆಫ್ ಮಾಡಿ ಒಂದು ಹೊಡಿ, ಫೋಟೋ ಪೂರ್ತಿ ಕಪ್ಪಾದ್ರೆ ಹಾಲ್ ಲೈಟ್ ಸತ್ತಿದೆ ಅಂತ ಅರ್ಥ, ಆಮೇಲೆ ಆನ್ ಮಾಡು. ಲೆನ್ಸ್ 70ರಿಂದ 100ರ ಒಳಗಿಟ್ಟು ಹಿಂದೆ ಸರಿ, 18ರಲ್ಲಿ ಹತ್ರ ಹೋದ್ರೆ ಹಿಡಿ ಬದನೆಕಾಯಿ, ತುದಿ ಸೂಜಿ.

ಮಸೆಗಲ್ಲು

ತಾತ 🙏 ಸೇವ್ ಮಾಡ್ಕೊಂಡೆ.

ನಾನು ಚಾಕು ಮಾಡೋ ಕಡೆಯವ್ನು, ಮೈಸೂರಲ್ಲಿ ಒಂದು ಸಣ್ಣ ಶೆಡ್ ಇದೆ, ಹಾಗಾಗಿ ಟೇಬಲ್ ಆಚೆ ಕೂತಿರೋನ ಕಷ್ಟ ಹೇಳ್ತೀನಿ. ದಯವಿಟ್ಟು ಕೇಳ್ದೆ ಮುಟ್ಬೇಡಿ, ಮುಟ್ಟಿದ್ರೂ ಹಿಡಿ ಮಾತ್ರ. ಕಾರ್ಬನ್ ಸ್ಟೀಲ್ ಆದ್ರೆ ಬೆವರು ಕೈ ಗುರುತು ಒರೆಸ್ದೆ ಬಿಟ್ರೆ ಅಲ್ಲೇ ತುಕ್ಕು ಕೂರುತ್ತೆ, ಆಮೇಲೆ ಅದನ್ನ ತೆಗೆಯೋಕೆ ಮತ್ತೆ ಪಾಲಿಶ್ ಹೊಡೀಬೇಕು. ಶೋಗೆ ತರೋವಾಗ ಎಲ್ರೂ ಎಣ್ಣೆ ಸವರಿರ್ತಾರೆ, ಕಣ್ಣಿಗೆ ಕಾಣಲ್ಲ, ಆದ್ರೆ ಫೋಟೋದಲ್ಲಿ ದೋಸೆ ಕಾವಲಿ ಥರ ಕಾಣುತ್ತೆ, ಫ್ರೆಂಡ್ ಕೈಲೇ ಒರೆಸಿ, ಶೂಟ್ ಮುಗಿದ್ಮೇಲೆ ಮತ್ತೆ ಎಣ್ಣೆ ಹಾಕ್ಸಿ. ಬಟ್ಟೆ ಬೆನ್ನಿನ ಕಡೆಯಿಂದ ಹಿಡ್ಕೊಂಡು ಒರೆಸ್ಬೇಕು, ಬಾಯಿ ಕಡೆಯಿಂದ ಹಿಡಿದ್ರೆ ಬಟ್ಟೆ ಜೊತೆ ಬೆರಳೂ ಹೋಗುತ್ತೆ (ಅನುಭವ, ನಾಲ್ಕು ಹೊಲಿಗೆ).

ಇನ್ನೊಂದು, ಡಮಾಸ್ಕಸ್ ಇದ್ಯಾ ಅವನ ಹತ್ರ? ಈಗಿನ ಡಮಾಸ್ಕಸ್ ಅಂದ್ರೆ ಬಹುಪಾಲು 1095 ಮತ್ತೆ 15ಎನ್20 ಅನ್ನೋ ಎರಡು ಥರ ಉಕ್ಕನ್ನ ಪದರ ಪದರ ಬೆಸೆದು ಆಸಿಡಲ್ಲಿ ಅದ್ದಿರೋದು. 15ಎನ್20ಯಲ್ಲಿ ನಿಕಲ್ ಇರೋದ್ರಿಂದ ಅದು ಹೊಳಪು ಉಳಿಸ್ಕೊಳ್ಳುತ್ತೆ, 1095 ಕಪ್ಪಾಗಿ ಮಂಕಾಗುತ್ತೆ. ಸೋ ತಾತ ಹೇಳಿದ ಬಿಳಿ ಬಟ್ಟೆ ಅಲಗಿನಲ್ಲಿ ಕಾಣ್ತಿದ್ರೆ ನಿಕಲ್ ಪದರ ಫಳಾರ್ ಅನ್ನುತ್ತೆ, ಇನ್ನೊಂದು ಕಪ್ಪಾಗೇ ಉಳಿಯುತ್ತೆ, ಡಿಸೈನ್ ಎದ್ದು ಬರುತ್ತೆ. ಮಣ್ಣು ಮೆತ್ತಿ ಹದ ಕೊಟ್ಟಾಗ ಗಟ್ಟಿ ಬಾಯಿಗೂ ಮೆತ್ತನೆ ಬೆನ್ನಿಗೂ ನಡುವೆ ಮೂಡೋ ಹಾಮೊನ್ ಗೆರೆ ಇದ್ರೆ ಮಾತ್ರ ಈ ಟ್ರಿಕ್ ಉಲ್ಟಾ ಹೊಡೆಯುತ್ತೆ, ಅದಕ್ಕೆ ಸುತ್ತ ಕತ್ತಲು ಮಾಡಿ ಒಂದೇ ಸಣ್ಣ ಲೈಟನ್ನ ಓರೆಯಾಗಿ ಬಿಡ್ಬೇಕು, ಚಾಕುನ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಇದ್ರೆ ಒಂದು ಕಡೆ ಗೆರೆ ಮೋಡದ ಥರ ತೇಲಿ ಬರುತ್ತೆ.

ಈ ಪದರದ ಡಮಾಸ್ಕಸ್ಸನ್ನ ಅಮೆರಿಕದಲ್ಲಿ ಮತ್ತೆ ಚಾಲ್ತಿಗೆ ತಂದಿದ್ದು ಬಿಲ್ ಮೊರಾನ್ ಅನ್ನೋ ಅಲ್ಲಿನ ಚಾಕು ಮೇಕರ್, 1973ರ ಒಂದು ಶೋನಲ್ಲೇ ಜನಕ್ಕೆ ತೋರ್ಸಿದ್ದು. ಹಳೇ ಕಾಲದ ಅಸಲಿ ಡಮಾಸ್ಕಸ್ ಕತ್ತಿ ನಮ್ಮ ದಕ್ಷಿಣದ ಮೂಸೆ ಉಕ್ಕಿಂದು, ಅದಕ್ಕೆ ಇಂಗ್ಲಿಷಲ್ಲಿ ಅನ್ನೋ ವೂಟ್ಜ್ ಹೆಸರು ನಮ್ಮ ಉಕ್ಕಿಂದಾನೇ ಬಂದಿದ್ದು ಅಂತಾರೆ. ಶೋನಲ್ಲಿ ಯಾರಾದ್ರೂ ಕೇಳಿದ್ರೆ ಕಾಲರ್ ಎತ್ಕೊಂಡು ಹೇಳಿ 😄

ಅಲ್ಫರೆಟ್ಟಾ ಹುಡುಗ

ಎಲ್ರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಡೈನಿಂಗ್ ಟೇಬಲ್ ಮೇಲೆ ಅಡುಗೆಮನೆ ಚಾಕು ಇಟ್ಟು ಟ್ರೈ ಮಾಡ್ದೆ, ಮದುವೆ ಪಂಚೆಗೆ ಜರಿ ಇತ್ತು ಅಂತ ಬಿಳಿ ಶವರ್ ಕರ್ಟನ್ ಕಟ್ಟಿದೀನಿ, ಹೆಂಡ್ತಿ ಏನೂ ಕೇಳ್ಲಿಲ್ಲ, ಬರೀ ನೋಡಿ ಹೋದ್ಲು. ಮುಕ್ಕಾಲು ಭಾಗ ಸೂಪರ್. ಆದ್ರೆ ಬಾಯಿ ಕಡೆ ಇಳಿಜಾರು ಇರುತ್ತಲ್ಲ, ಅದು ಮಾತ್ರ ಕಪ್ಪು ಪಟ್ಟಿ ಥರ ಬರ್ತಿದೆ, ಅದನ್ನ ಬೆಳ್ಳಗೆ ಮಾಡೋಕ್ ಹೋದ್ರೆ ಮೇಲಿನ ಭಾಗ ಕಪ್ಪಾಗುತ್ತೆ.

ಎಫ್‌ಎಂಟು ತಾತ

ಎರಡು ಮುಖ ಎರಡು ದಿಕ್ಕಿಗೆ ನೋಡ್ತಿವೆ, ಒಂದು ಕರ್ಟನ್ ನೋಡ್ತಿದೆ, ಇನ್ನೊಂದು ನಿನ್ನನ್ನ. ಕರ್ಟನ್ ಇನ್ನೂ ಹತ್ರ ತಾ, ಫ್ರೇಮಿಗೆ ತಾಗೋಷ್ಟು, ಹತ್ರ ಬಂದಷ್ಟೂ ಚಾಕುವಿಗೆ ಅದು ದೊಡ್ಡದಾಗುತ್ತೆ. ಸಾಕಾಗದಿದ್ರೆ ಈಚೆ ಕಡೆ, ಲೆನ್ಸ್ ಕೆಳಗೆ, ಒಂದು ಬಿಳಿ ಥರ್ಮಾಕೋಲ್ ತುಂಡು ನಿಲ್ಲಿಸು. ಬಣ್ಣದ ಶರ್ಟ್ ಹಾಕ್ಕೊಂಡು ಹೋಗಬೇಡ.

ಮಡಿಕೇರಿ ಮಳೆ

ತಡವಾಗಿ ನೋಡಿದೆ. ನಮ್ಮಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಕತ್ತಿ ಎಲ್ಲಾ ಪೂಜೆಗೆ ಇಡ್ತೇವೆ, ಪ್ರತಿ ವರ್ಷ ಮನೆ ಪೀಚೆಕತ್ತಿ (ಕೊಡವರು ಸೊಂಟಕ್ಕೆ ಸಿಕ್ಕಿಸೋ ಸಣ್ಣ ಕತ್ತಿ) ಫೋಟೋ ನನ್ನ ತಲೆಗೇ ಬರೋದು. ಅದರಲ್ಲಿ ಅಲಗಿಗಿಂತ ಒರೆಯೇ ಕಷ್ಟ, ಬೆಳ್ಳಿ ಕೆತ್ತನೆ, ಪೂರ್ತಿ ಬಿಳಿ ಬೆಳಕು ಬಿಟ್ಟರೆ ಕೆತ್ತನೆ ಅಳಿಸಿಹೋಗುತ್ತೆ. ನಾನು ಮಾಡೋದು ಇಷ್ಟೆ, ಬಿಳಿ ಶೀಟಿನ ಪಕ್ಕ ಒಂದು ಕಪ್ಪು ಚಾರ್ಟ್ ಪೇಪರ್ ನಿಲ್ಲಿಸೋದು, ಕೆತ್ತನೆಯ ಗುಂಡಿಗಳಿಗೆ ಆ ಕಪ್ಪು ಇಳಿದು ಹೂವು ಬಳ್ಳಿ ಎಲ್ಲಾ ಬಿಡಿಬಿಡಿಯಾಗಿ ಕಾಣುತ್ತೆ. ನಿಮ್ಮ ಫ್ರೆಂಡಿನ ಚಾಕುಗಳಲ್ಲಿ ಎಂಗ್ರೇವಿಂಗ್ ಇದ್ರೆ ಉಪಯೋಗಕ್ಕೆ ಬರಬಹುದು. ಹಿನ್ನೆಲೆಗೆ ವೆಲ್ವೆಟ್ ಹಾಕಬೇಡಿ, ಧೂಳು ಹೆಕ್ಕಿ ಸಾಕಾಗುತ್ತೆ.

ಅಲ್ಫರೆಟ್ಟಾ ಹುಡುಗ

ಶೋ ಮುಗೀತು, ಅಪ್ಡೇಟ್ ಕೊಡ್ಬೇಕಲ್ಲ. ಮೊದಲನೇ ದಿನ ಬಾಗಿಲು ತೆಗೆಯೋಕೆ ಮುಂಚೆನೇ ಫ್ರೆಂಡ್ ಜೊತೆ ಒಳಗ್ ಹೋಗಿ ಟೇಬಲ್ ಹಿಂದೆ ಶವರ್ ಕರ್ಟನ್ ಕಟ್ಟಿ ಕೂತೆ, ಮುಂಚೆ ಹೋಗಿದ್ದೇ ಒಳ್ಳೇದಾಯ್ತು, ಇಲ್ಲಿ ಹೆಸರಿರೋ ಮೇಕರ್‌ಗಳು ಚೀಟಿ ಎತ್ತಿ ಚಾಕು ಮಾರ್ತಾರೆ, ಡಬ್ಬೀಲಿ ಹೆಸರು ಹಾಕ್ಬೇಕು, ಯಾರ್ ಹೆಸರು ಬಂತೋ ಅವ್ರಿಗೆ ಕೊಳ್ಳೋ ಚಾನ್ಸು, ಅದಾದ್ಮೇಲೆ ಟೇಬಲ್ ಖಾಲಿ, ಫೋಟೋಗೆ ಚಾಕೇ ಇರಲ್ಲ. ಫ್ರೆಂಡಿನ ಏಳೂ ಚಾಕು ಚೆನ್ನಾಗಿ ಬಂತು. ಅದನ್ನ ನೋಡಿ ಪಕ್ಕದ ಟೇಬಲ್ ಅಜ್ಜ ಅವರದ್ದೂ ಎರಡು ತೆಗೆದುಕೊಡು ಅಂದ್ರು, ಅದರಲ್ಲೊಂದು ಹಾಮೊನ್, ಮಸೆಗಲ್ಲು ಹೇಳಿದ್ ಹಂಗೆ ಫೋನ್ ಟಾರ್ಚ್ ಓರೆ ಹಿಡಿದು ಹತ್ತು ನಿಮಿಷ ತಿರುಗಿಸಿದ್ದೀವಿ, ಬಂತು!

ಬಿಳಿ ಶರ್ಟೇ ಹಾಕಿದ್ದೆ ತಾತ. ಆದ್ರೂ ಒಂದ್ರಲ್ಲಿ ನನ್ ಐಡಿ ಕಾರ್ಡಿನ ಕೆಂಪು ದಾರ ಬಂದ್ಬಿಟ್ಟಿದೆ.